ಹೊತ್ತು ಮೂಡಿತೆಂಬ ಮಾತು

ನುಡಿಯು ಅರಿವಿಗೆ ವಿರುದ್ಧವಾಗಿ ನಡೆಯಬಾರದೆಂಬುದು ಶರಣಮಾರ್ಗದ ಮೊದಲ ಪಾಠವಾಗಿದೆ. ಬಲ್ಲದ್ದು ಒಂದು, ಆಡುವುದು ಇನ್ನೊಂದು ಎಂಬ ಇಬ್ಬಗೆಯನ್ನು ವಚನಕಾರರು ಕ್ಷಮಿಸಿದವರಲ್ಲ. ಹೀಗಿರುವಲ್ಲಿ, ಪಂಡಿತ-ಪಾಮರರೆಂಬ ಭೇದವಿಲ್ಲದೆ ನಾವೆಲ್ಲರೂ ದಿನಕ್ಕೆರಡು ಸಲವಾದರೂ ಆಡುವ ಒಂದು ಮಾತನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ. ಹೊತ್ತು ಮೂಡಿತು, ಹೊತ್ತು ಮುಳುಗಿತು ಎಂಬುದೇ ಆ ಮಾತು. ಸೂರ್ಯನು ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಭೂಮಿಯು ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ನಮಗೆ ಹಾಗೆ ತೋರುತ್ತದೆ ಎಂಬುದನ್ನು ಇಂದು ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ಬಲ್ಲವರು ಬಲ್ಲದ್ದಕ್ಕೆ ವಿರುದ್ಧವಾದ ಮಾತನ್ನು ದಿನವೂ ಆಡುತ್ತಿದ್ದರೆ ಅದನ್ನು ಏನೆಂದು ಕರೆಯಬೇಕು?

ನಮ್ಮ ಪಾಠಶಾಲೆಯ ವಟುವೊಬ್ಬನು ಈ ಶಂಕೆಯನ್ನು ತನ್ನ ಊರಿನ ಮಾತಿನಲ್ಲಿಯೇ ಮುಂದಿಟ್ಟನು. ಮಧ್ಯಾಹ್ನ ಭೂಗೋಲದ ಪಾಠದಲ್ಲಿ ಭೂಭ್ರಮಣದ ವಿಷಯವನ್ನು ಕೇಳಿದ್ದವನು, ಸಂಜೆ "ಹೊತ್ತು ಮುಳುಗಿತು, ಪೂಜೆಗೆ ಏಳಿರಿ" ಎಂದೊಡನೆ, "ಗುರುಗಳ, ಮಧ್ಯಾಹ್ನ ಹೇಳಿದ್ದು ಖರೇನ್ರಿ, ಈಗ ಹೇಳಿದ್ದು ಖರೇನ್ರಿ?" ಎಂದು ಕೇಳಿದನು. ಇಂಥ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳುಂಟು. ಅದು ಪುಸ್ತಕದ ಮಾತು, ಇದು ಮನೆಯ ಮಾತು ಎನ್ನುವುದು ಒಂದು. ಜನರು ಅಜ್ಞಾನದಿಂದ ಹೀಗೆನ್ನುತ್ತ ಬಂದಿದ್ದಾರೆ, ನಾವೂ ರೂಢಿಯಿಂದ ಎನ್ನುತ್ತೇವೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದ ಹುಡುಗನು ಸತ್ಯಕ್ಕೆ ಎರಡು ಮನೆಗಳಿವೆಯೆಂದು ಕಲಿಯುತ್ತಾನೆ. ಮುಂದೆ ಸಂತೆಯಲ್ಲಿ ಒಂದು, ಗದ್ದುಗೆಯ ಮುಂದೆ ಒಂದು ಎಂದು ಬದುಕುವುದಕ್ಕೆ ಅದೇ ಅಭ್ಯಾಸವಾಗುತ್ತದೆ. ಎರಡನೆಯದನ್ನು ಕೇಳಿದವನು ಹೊಲದಲ್ಲಿ ದುಡಿಯುವ ತಂದೆಯ ಕಣ್ಣನ್ನು ಹಳಿಯಲು ಕಲಿಯುತ್ತಾನೆ. ಎರಡೂ ಹಾನಿಕರವಾದುದರಿಂದ ವಿಷಯವನ್ನು ಬುಡದಿಂದ ವಿಚಾರಿಸುವುದು ಯುಕ್ತ.

ಮೊದಲು ಮಾತನ್ನೇ ನೋಡೋಣ. ನಮ್ಮ ಕಡೆಯ ಕನ್ನಡದಲ್ಲಿ 'ಹೊತ್ತು' ಎಂದರೆ ಸೂರ್ಯನೂ ಅಹುದು, ಕಾಲವೂ ಅಹುದು. 'ತಿಂಗಳು' ಎಂದರೆ ಚಂದ್ರನೂ ಅಹುದು, ಮಾಸವೂ ಅಹುದು. ಆಕಾಶದ ಈ ಎರಡು ದೀಪಗಳನ್ನು ಬಿಟ್ಟು ಕಾಲಕ್ಕೆ ಬೇರೆ ಹೆಸರು ಬೇಕೆಂದು ನಮ್ಮ ಹಿರಿಯರಿಗೆ ತೋರಲಿಲ್ಲ. ನಿಪ್ಪಾಣಿ, ಕಾಗವಾಡಗಳಲ್ಲಿ ಮರಾಠಿಯನ್ನಾಡುವ ನೆರೆಯವರು ಸೂರ್ಯ 'ಉಗವಲಾ, ಮಾವಳಲಾ' ಎನ್ನುತ್ತಾರೆ, ಸಂಸ್ಕೃತದಲ್ಲಿ ಉದಯಾಸ್ತಗಳೆಂದಿದೆ. ಮೂರು ನುಡಿಗಳಲ್ಲಿಯೂ ಸೂರ್ಯನೇ ಕರ್ತೃ. ಆದರೆ ರಾಯಬಾಗದ ಒಕ್ಕಲಿಗನು "ಹೊತ್ತು ಏರಿತು" ಎಂದಾಗ ಜ್ಯೋತಿಷಸಿದ್ಧಾಂತವೊಂದನ್ನು ಸ್ಥಾಪಿಸುತ್ತಿಲ್ಲ. ಎತ್ತುಗಳ ಕೊರಳು ಬಿಚ್ಚುವ ಸಮಯವಾಯಿತೆಂದು ಹೇಳುತ್ತಿದ್ದಾನೆ. ಶಾಬ್ದಿಕರು ಇದನ್ನು ವಿವಕ್ಷೆ ಎನ್ನುತ್ತಾರೆ. ಆಡುವವನು ಏನನ್ನು ತಿಳಿಸಬಯಸಿದನೋ ಅದು ನಿಜವಾದರೆ ಮಾತು ನಿಜ. ಇಷ್ಟರಿಂದಲೇ ತೃಪ್ತರಾಗಬಹುದಲ್ಲವೇ ಎಂದರೆ, ಆಗದು. ವಿವಕ್ಷೆಯ ನೆಪದಿಂದ ಯಾವ ಸುಳ್ಳನ್ನಾದರೂ ಬಿಡಿಸಿಕೊಂಡು ಹೋಗಬಹುದು. ವಕೀಲರು ಅದನ್ನು ಬಲ್ಲರು. ಆದುದರಿಂದ ತೋರಿಕೆಯೆಂಬುದು ಸ್ವತಃ ಎಂಥದೆಂಬುದನ್ನು ನೋಡಬೇಕು.

ಸುಳ್ಳಿಗೆ ನಿಯಮವಿಲ್ಲ; ಈ ತೋರಿಕೆಗೆ ನಿಯಮವಿದೆ. ಚಿಕ್ಕೋಡಿಯು ವಿಷುವದ್ವೃತ್ತದಿಂದ ಉತ್ತರಕ್ಕೆ ಸುಮಾರು 16.4 ಅಂಶ ದೂರದಲ್ಲಿದೆ. ಸಮಹಗಲಿರುಳಿನ ದಿನ ನಡುಹಗಲಲ್ಲಿ, 12 ಅಂಗುಲದ ಶಂಕುವನ್ನು ಸಮನೆಲದಲ್ಲಿ ನೆಟ್ಟರೆ ಅದರ ನೆರಳು ಉತ್ತರಕ್ಕೆ ಸುಮಾರು ಮೂರೂವರೆ ಅಂಗುಲ ಬೀಳುತ್ತದೆ. ನಮ್ಮ ಪ್ರಾಚೀನ ಗಣಿತಜ್ಞರು ಇದನ್ನು ಪಲಭಾ ಎಂದು ಕರೆದು, ಊರಿನ ಅಕ್ಷಾಂಶವನ್ನು ಇದರಿಂದಲೇ ಗುಣಿಸುತ್ತಿದ್ದರು. ದಶಂಬರ 21-22ರಂದು ಅದೇ ನೆರಳು ಸುಮಾರು 10 ಅಂಗುಲವಾಗುತ್ತದೆ. ಮೇ 5ರಿಂದ 7ರ ಸುಮಾರಿಗೆ ಒಂದು ದಿನ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಂತಿರುತ್ತಾನೆ. ಅಲ್ಲಿಂದ ಮುಂದೆ ಮೂರು ತಿಂಗಳು ನಡುಹಗಲಿನ ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಆಗಸ್ಟ್ 6-8ರ ಸುಮಾರಿಗೆ ಮತ್ತೊಮ್ಮೆ ನೆರಳಿಲ್ಲದ ದಿನ ಬರುತ್ತದೆ. ಆದರೆ ಆಗ ಮಳೆಗಾಲದ ಮೋಡವಿರುವುದರಿಂದ ಅದನ್ನು ಕಂಡವರು ವಿರಳ.

ನಡುಹಗಲೆಂದರೆ ಗಡಿಯಾರದ ಹನ್ನೆರಡು ಗಂಟೆಯೆಂದು ತಿಳಿಯಬಾರದು. ಭಾರತದ ಗಡಿಯಾರವು 82½ ಅಂಶದ ರೇಖಾಂಶಕ್ಕೆ ಹೊಂದಿದುದು. ಚಿಕ್ಕೋಡಿಯು ಅದಕ್ಕಿಂತ ಸುಮಾರು 8 ಅಂಶ ಪಶ್ಚಿಮಕ್ಕಿದೆ. ಅಂಶಕ್ಕೆ 4 ನಿಮಿಷದಂತೆ, ನಮ್ಮಲ್ಲಿ ಸೂರ್ಯನು ನಡುಹಗಲನ್ನು ಸೇರುವುದು ಸರಾಸರಿ 12 ಗಂಟೆ 32 ನಿಮಿಷಕ್ಕೆ. ಅಥಣಿಯವರು ನಿಪ್ಪಾಣಿಯವರಿಗಿಂತ ಎರಡೂವರೆ-ಮೂರು ನಿಮಿಷ ಮೊದಲೇ ಹೊತ್ತು ಕಾಣುತ್ತಾರೆ. ಒಂದೇ ಸೂರ್ಯನು ಒಂದು ಊರಿಗೆ ಮೂಡಿ ಇನ್ನೊಂದಕ್ಕೆ ಮೂಡದಿರುವ ಈ ಎರಡೂವರೆ ನಿಮಿಷವೇ ವಿಚಾರಶೀಲನಿಗೆ ಸಾಕಾದ ಸೂಚನೆ. ಮೂಡುವುದೆಂಬುದು ಸೂರ್ಯನೊಬ್ಬನ ಕ್ರಿಯೆಯಾಗಿದ್ದರೆ ಎಲ್ಲರಿಗೂ ಒಟ್ಟಿಗೇ ಆಗಬೇಕಾಗಿತ್ತು. ಅದು ಸೂರ್ಯನಿಗೂ ಊರಿಗೂ ನಡುವಣ ಸಂಬಂಧ. ತಂದೆತನವು ತಂದೆಯೊಬ್ಬನಲ್ಲಿಯೇ ಇಲ್ಲದಿದ್ದರೂ ಹೇಗೆ ಸುಳ್ಳಲ್ಲವೋ ಹಾಗೆ.

ಈ ಸಂಬಂಧದಲ್ಲಿ ಚಲಿಸುವವರಾರೆಂಬ ವಿಚಾರವನ್ನು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಎತ್ತಿದವನು ಆರ್ಯಭಟ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಅವನು ದೋಣಿಯ ದೃಷ್ಟಾಂತವನ್ನು ಕೊಟ್ಟಿದ್ದಾನೆ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದೆ ಸರಿಯುವಂತೆ ಕಾಣುವಹಾಗೆ, ಸ್ಥಿರವಾದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುತ್ತವೆ ಎಂಬುದು ಅದರ ತಾತ್ಪರ್ಯ. ಕೃಷ್ಣೆಯನ್ನು ದೋಣಿಯಲ್ಲಿ ದಾಟಿದ ನಮ್ಮ ಹಿರಿಯರಿಗೆ ಇದಕ್ಕೆ ಟೀಕೆ ಬೇಕಾಗಿರಲಿಲ್ಲ. ಆದರೂ ಪಂಡಿತರು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಯು ತನ್ನ ಗೂಡನ್ನು ಮರಳಿ ಸೇರುವುದೆಂತು ಎಂದು ವರಾಹಮಿಹಿರನು ಆಕ್ಷೇಪಿಸಿದನು. 628ರಲ್ಲಿ ಬ್ರಹ್ಮಗುಪ್ತನೂ ಖಂಡಿಸಿದನು. ಟೀಕಾಕಾರರಲ್ಲಿ ಕೆಲವರು ಆರ್ಯಭಟನ ಮಾತನ್ನು ತಿರುಗಿಸಿ, ಅವನು ಹೇಳಿದ್ದು ತೋರಿಕೆಯನ್ನು ಮಾತ್ರ ಎಂದು ಅರ್ಥಮಾಡಿದರು. ಗುರುವಿನ ಮಾತನ್ನು ಉಳಿಸಲು ಹೋಗಿ ಅದರ ಅರ್ಥವನ್ನು ಕಳೆಯುವುದು ನಮ್ಮ ವಿದ್ವಲ್ಲೋಕದ ಹಳೆಯ ವ್ಯಾಧಿ.

ಇಷ್ಟೆಂದು ವರಾಹಮಿಹಿರನನ್ನು ಲಘುವಾಗಿ ಎಣಿಸಬಾರದು. ಅವನ ಪ್ರಶ್ನೆ ಸಾಧುವಾದದ್ದೇ. ಉತ್ತರ ದೊರೆಯಲು ಸಾವಿರ ವರ್ಷ ಹಿಡಿಯಿತು. 1632ರಲ್ಲಿ ಇಟಲಿಯ ಗೆಲಿಲಿಯೋ ಹಡಗಿನ ಕೋಣೆಯ ದೃಷ್ಟಾಂತದಿಂದ ಅದನ್ನು ಬಿಡಿಸಿದನು. ನಮ್ಮವರಿಗೆ ಹಡಗು ಬೇಡ. ರಾಯಬಾಗದಿಂದ ಕುಡಚಿ, ಉಗಾರಗಳ ಮೇಲೆ ಮಿರಜಿಗೆ ಹೋಗುವ ರೈಲಿನಲ್ಲಿ ಕುಳಿತು ಒಂದು ನಿಂಬೆಹಣ್ಣನ್ನು ಮೇಲಕ್ಕೆಸೆದರೆ ಅದು ಮರಳಿ ಕೈಗೇ ಬೀಳುತ್ತದೆ. ಹಿಂದಿನವನ ಮಡಿಲಿಗೆ ಬೀಳುವುದಿಲ್ಲ. ರೈಲಿನ ವೇಗವನ್ನು ಹಣ್ಣೂ ಹೊತ್ತಿರುತ್ತದೆ. ಹಾಗೆಯೇ ಹಕ್ಕಿಯೂ ಗೂಡೂ ಗಾಳಿಯೂ ಭೂಮಿಯ ವೇಗವನ್ನು ಹೊತ್ತಿವೆ. ಆ ವೇಗವಾದರೂ ಅಲ್ಪವಲ್ಲ. ನಮ್ಮ ಅಕ್ಷಾಂಶದಲ್ಲಿ ಅದು ಗಂಟೆಗೆ ಸುಮಾರು 1,600 ಕಿಲೋಮೀಟರು. 1851ರಲ್ಲಿ ಪ್ಯಾರಿಸಿನಲ್ಲಿ ಫೂಕೋ ಎಂಬವನು ಉದ್ದವಾದ ತಂತಿಗೆ ಗುಂಡನ್ನು ಕಟ್ಟಿ ತೂಗಬಿಟ್ಟು, ಅದರ ತೂಗಾಟದ ದಿಕ್ಕು ಮೆಲ್ಲಮೆಲ್ಲನೆ ತಿರುಗುವುದರಿಂದ ಭೂಭ್ರಮಣವನ್ನು ಕೋಣೆಯೊಳಗೆಯೇ ತೋರಿಸಿದನು. ಪ್ಯಾರಿಸಿನಲ್ಲಿ ಅದು ಒಂದು ಸುತ್ತು ಬರಲು ಸುಮಾರು 32 ಗಂಟೆ. ಚಿಕ್ಕೋಡಿಯಲ್ಲಿ ತೂಗಬಿಟ್ಟರೆ ಸುಮಾರು 85 ಗಂಟೆ ಬೇಕು.

ಇನ್ನು ದರ್ಶನಶಾಸ್ತ್ರಕ್ಕೆ ಬರೋಣ. ತೋರಿಕೆಯೆಂದೊಡನೆ ನಮ್ಮವರಿಗೆ ರಜ್ಜುಸರ್ಪದ ನೆನಪಾಗುತ್ತದೆ. ಕತ್ತಲೆಯಲ್ಲಿ ಹಗ್ಗವು ಹಾವಾಗಿ ಕಂಡು, ದೀಪ ತಂದೊಡನೆ ಹಾವು ಮಾಯವಾಗುವುದು ಪ್ರಸಿದ್ಧ ನ್ಯಾಯ. ಸೂರ್ಯೋದಯವನ್ನೂ ಇದೇ ಪಂಕ್ತಿಯಲ್ಲಿ ಕುಳ್ಳಿರಿಸುವವರಿದ್ದಾರೆ. ಅದು ಸರಿಯಲ್ಲ. ಭೂಮಿ ತಿರುಗುತ್ತದೆಂದು ತಿಳಿದ ಮರುದಿನವೂ ಸೂರ್ಯನು ಮೂಡುವಂತೆಯೇ ಕಾಣುತ್ತಾನೆ. ಜ್ಞಾನದಿಂದ ಈ ತೋರಿಕೆ ಹೋಗದು. ವೇದಾಂತಿಗಳೇ ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ. ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ಕಾಣುತ್ತದೆ; ಅದು ಬಿಳಿಯದೆಂದು ಬಲ್ಲವನಿಗೂ ಹೂವು ಹತ್ತಿರವಿರುವವರೆಗೆ ಕೆಂಪಾಗಿಯೇ ಕಾಣುತ್ತದೆ. ಇದು ಸೋಪಾಧಿಕ ಭ್ರಮ. ಇಲ್ಲಿ ಉಪಾಧಿಯೆಂದರೆ ನಾವು ನಿಂತ ನೆಲ. ನೆಲವನ್ನು ಬಿಟ್ಟು ನಿಲ್ಲಲಾರದವನಿಗೆ ಸೂರ್ಯನು ಮೂಡದೆ ಇರಲಾರನು.

ಹೀಗಾದರೆ ದೋಷವೆಲ್ಲಿದೆ? "ಸೂರ್ಯನು ಮೂಡುವಂತೆ ಕಾಣುತ್ತಾನೆ" ಎಂಬ ಕಾಣ್ಕೆಯಲ್ಲಿ ದೋಷವಿಲ್ಲ. ಕಣ್ಣು ತನಗೆ ಒಪ್ಪಿಸಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದೆ. "ನಾನಾದರೋ ನಿಂತಿದ್ದೇನೆ" ಎಂದು, ಯಾರೂ ಕೇಳದಿದ್ದರೂ ಮನಸ್ಸು ಸೇರಿಸಿದ ಒಂದು ವಾಕ್ಯದಲ್ಲಿ ದೋಷವಿದೆ. ಕಾಣ್ಕೆಗೆ ಕಣ್ಣು ಸಾಕ್ಷಿ. ಈ ಸೇರಿಕೆಗೆ ಸಾಕ್ಷಿಯೇ ಇಲ್ಲ. ಶರಣರು ಮತ್ತೆ ಮತ್ತೆ ಎಚ್ಚರಿಸಿದ ಅಹಂಭಾವವು ಹೀಗೆ ಸದ್ದಿಲ್ಲದೆ, ನೆಲದ ರೂಪದಿಂದ, ನಮ್ಮ ಗಣಿತದೊಳಗೂ ನುಸುಳಿತು. ವೀರಶೈವ ಸಿದ್ಧಾಂತವು ಜಗತ್ತನ್ನು ಮಿಥ್ಯೆಯೆನ್ನುವುದಿಲ್ಲ. ಶಕ್ತಿವಿಶಿಷ್ಟನಾದ ಶಿವನ ವಿಕಾಸವಾದುದರಿಂದ ಜಗತ್ತು ಸತ್ಯವೆಂದೇ ಹೇಳುತ್ತದೆ. ಆದುದರಿಂದ ಮೂಡುವ ಹೊತ್ತನ್ನು ಮಾಯೆಯೆಂದು ತಳ್ಳುವ ಅವಸರ ನಮಗಿಲ್ಲ. ತಳ್ಳಬೇಕಾದುದು ಆ ಒಂದು ಸೇರಿಕೆಯನ್ನು ಮಾತ್ರ.

ಆ ವಟುವಿಗೆ ಶಾಖಾಚಂದ್ರನ್ಯಾಯವನ್ನು ಹೇಳಿದೆನು. ಬಿದಿಗೆಯ ಚಂದ್ರನನ್ನು ಕಾಣದ ಮಗುವಿಗೆ "ಅಗೋ, ಬೇವಿನ ಕೊಂಬೆಯ ಮೇಲೆ ನೋಡು" ಎನ್ನುತ್ತೇವೆ. ಚಂದ್ರನು ಕೊಂಬೆಯ ಮೇಲಿಲ್ಲ. ಸುಮಾರು 3,84,000 ಕಿಲೋಮೀಟರು ಆಚೆಗಿದ್ದಾನೆ. ಹೇಳಿದವನು ಸುಳ್ಳುಗಾರನೇ? ಅಲ್ಲ, ಮಗು ಚಂದ್ರನನ್ನು ಕಂಡಿತು. ಆದರೆ ಮರುದಿನ ಕೊಂಬೆಯನ್ನು ಕಡಿದು ಮನೆಗೆ ತಂದರೆ ಚಂದ್ರನೂ ಬಂದಾನೆಂದು ಹೇಳಿದವನು ಸುಳ್ಳುಗಾರನೇ ಸರಿ.

ಈ ಭೇದವನ್ನು ಹಿಡಿದುಕೊಂಡರೆ ನಾವು ನಿಜವಾಗಿ ಅಂಜಬೇಕಾದ ಅಸತ್ಯವು ಬೇರೆಡೆ ಕಾಣಿಸುತ್ತದೆ. ಮಕರ ಸಂಕ್ರಾಂತಿಯ ದಿನ, ಜನವರಿ 14 ಅಥವಾ 15ರಂದು, "ಇಂದಿನಿಂದ ಉತ್ತರಾಯಣ, ಸೂರ್ಯನು ಇಂದು ಉತ್ತರಕ್ಕೆ ಹೊರಳುತ್ತಾನೆ" ಎಂದು ನಾವು ಪ್ರವಚನಗಳಲ್ಲಿ ಹೇಳುತ್ತೇವೆ. ಮೇಲೆ ಹೇಳಿದ ಶಂಕುವನ್ನು ನೆಟ್ಟು ನೋಡಿರಿ. ನಡುಹಗಲಿನ ನೆರಳು 10 ಅಂಗುಲಕ್ಕೇರಿ ಹೊರಳಿದ್ದು ದಶಂಬರ 21-22ರಂದು. ಸಂಕ್ರಾಂತಿಯ ಹೊತ್ತಿಗೆ ಅದು ಇಳಿದು ಸುಮಾರು 9¼ ಅಂಗುಲವಾಗಿರುತ್ತದೆ. ಸೂರ್ಯನು ಹೊರಳಿ ಮೂರು ವಾರ ಕಳೆದಿವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲಾಡುವುದರಿಂದ 72 ವರ್ಷಕ್ಕೆ ಒಂದು ಅಂಶದಂತೆ ಅಂತರ ಬೆಳೆದು ಇಂದು 24 ಅಂಶವಾಗಿದೆ. ನಮ್ಮ ಜ್ಯೋತಿಷಿಗಳು ಇದನ್ನು ಅಯನಾಂಶವೆಂದು ಬಲ್ಲರು, ಪಂಚಾಂಗದ ಮೊದಲ ಪುಟಗಳಲ್ಲಿಯೇ ಅಚ್ಚುಮಾಡುತ್ತಾರೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಸರಕಾರವು ಋತುಗಳಿಗೆ ಹೊಂದುವ ಶಕಪಂಚಾಂಗವನ್ನು ಜಾರಿಗೆ ತಂದಿತು. ನಮ್ಮ ಹಬ್ಬಗಳು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಸಂಕ್ರಾಂತಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಕೃಷ್ಣೆಯ ಸ್ನಾನ, ಸಜ್ಜೆಯ ರೊಟ್ಟಿ, ಕುಸುರೆಳ್ಳು ಯಾವ ದಿನವಾದರೂ ಒಳ್ಳೆಯವೇ. ಸೂರ್ಯನು ನಕ್ಷತ್ರಗಳ ಲೆಕ್ಕದಲ್ಲಿ ಮಕರರಾಶಿಯನ್ನು ಹೊಕ್ಕನೆಂದರೆ ಅದೂ ನಿಜವೇ. ಆದರೆ "ಇಂದು ಹೊರಳಿದನು" ಎಂಬುದು ಕಾಣ್ಕೆಯೂ ಅಲ್ಲ, ಗಣಿತವೂ ಅಲ್ಲ. ಹೊತ್ತು ಮೂಡಿತೆಂಬವನು ತಾನು ಕಂಡದ್ದನ್ನು ಹೇಳುತ್ತಾನೆ. ಇಂದು ಉತ್ತರಾಯಣವೆಂಬವನು ಕಾಣದ್ದನ್ನು, ನೋಡಲು ಹೊರಗೆ ಬಾರದೆಯೇ, ಕಂಡಂತೆ ಹೇಳುತ್ತಾನೆ. ಮೊದಲನೆಯವನನ್ನು ಅಜ್ಞಾನಿಯೆಂದು ನಕ್ಕು ಎರಡನೆಯವನಿಗೆ ಹಾರ ಹಾಕುವುದು ನಮ್ಮ ಕಾಲದ ನ್ಯಾಯವಾಗಿದೆ. ವಾರ-ತಿಥಿಗಳ ಭಯವನ್ನು ಶರಣರು ಕಿತ್ತೆಸೆದದ್ದು ಇಲ್ಲಿ ನೆನೆಯತಕ್ಕದ್ದು. ತಿಥಿಯೆಂದರೆ ಸೂರ್ಯ-ಚಂದ್ರರ ನಡುವಣ 12 ಅಂಶಗಳ ಅಂತರವಷ್ಟೆ; ಅಂತರಕ್ಕೆ ಶುಭಾಶುಭಗಳಿಲ್ಲ.

ಚಂದ್ರನ ವಿಷಯ ಸೂರ್ಯನಷ್ಟು ಸರಳವಲ್ಲ. ಇವರಿಬ್ಬರೂ ಪಶ್ಚಿಮಕ್ಕೆ ನಡೆಯುವಂತೆ ಕಾಣುತ್ತಾರೆ, ಎರಡೂ ಭೂಮಿಯ ತಿರುಗುವಿಕೆಯ ಫಲವೇ. ಆದರೆ ಚಂದ್ರನಿಗೆ ಭೂಮಿಯನ್ನು ಸುತ್ತುವ ನಿಜವಾದ ಸ್ವಂತ ನಡೆಯೊಂದುಂಟು, ಅದು ಪೂರ್ವಕ್ಕೆ. ದಿನಕ್ಕೆ ಸುಮಾರು 13 ಅಂಶ. ಅದರಿಂದಲೇ ಅವನು ದಿನದಿನವೂ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ. ಸುಮಾರು 27⅓ ದಿನಗಳಲ್ಲಿ ನಕ್ಷತ್ರಚಕ್ರವನ್ನು ಸುತ್ತಿ ಬರುತ್ತಾನೆ. ಇದನ್ನು ನೋಡಿಯೇ 27 ನಕ್ಷತ್ರಗಳ ಎಣಿಕೆ ಹುಟ್ಟಿತು. ವಿಚಿತ್ರವೆಂದರೆ, ಎದ್ದು ಕಾಣುವ ಪಶ್ಚಿಮದ ನಡೆ ಅವನದಲ್ಲ. ಅವನದಾದ ಪೂರ್ವದ ನಡೆ ಒಂದು ನೋಟಕ್ಕೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಇಂದು ಯಾವ ತಾರೆಯ ಬಳಿಯಿದ್ದನೆಂದು ಗುರುತಿಟ್ಟುಕೊಂಡು ನಾಳೆ ಅದೇ ಸಮಯಕ್ಕೆ ಮತ್ತೆ ನೋಡಬೇಕು. ಒಬ್ಬ ಮನುಷ್ಯನ ನಡತೆಯನ್ನು ಅರಿಯುವುದೂ ಹೀಗೆಯೇ ಅಲ್ಲವೇ?

ಶ್ರಾವಣದ ಇರುಳುಗಳಲ್ಲಿ ಮೋಡಗಳ ನಡುವೆ ಚಂದ್ರನು ಓಡುವುದನ್ನು ಅಥಣಿಯ ಮಕ್ಕಳು ಚಪ್ಪಾಳೆ ತಟ್ಟಿ ನೋಡುತ್ತಾರೆ. ಓಡುವವು ಮೋಡಗಳು. ಇದನ್ನು ಬಿಡಿಸುವ ಉಪಾಯ ಸುಲಭ: ಪಡಸಾಲೆಯ ಕಂಬಕ್ಕೆ ಒರಗಿ ನಿಂತು, ಎದುರಿನ ಮಾಳಿಗೆಯ ಅಂಚಿಗೆ ಚಂದ್ರನನ್ನು ಹೊಂದಿಸಿಕೊಂಡು ನೋಡಿದರೆ ಚಂದ್ರನು ನಿಲ್ಲುತ್ತಾನೆ, ಮೋಡ ಓಡುತ್ತದೆ. ಆದರೆ ಕಾಲು ಗಂಟೆ ಹಾಗೆಯೇ ನಿಂತಿದ್ದರೆ ಚಂದ್ರನೂ ಅಂಚನ್ನು ಬಿಟ್ಟು ಸರಿದಿರುತ್ತಾನೆ. ಈಗ ಸರಿದದ್ದು ಮಾಳಿಗೆ. ಯಾವ ಕಂಬವನ್ನು ಅಚಲವೆಂದು ನಂಬಿ ಮೋಡದ ಭ್ರಮೆಯನ್ನು ಕಳೆದೆವೋ ಆ ಕಂಬವೇ ಮುಂದಿನ ಭ್ರಮೆಗೆ ಆಧಾರವಾಯಿತು.

ನಮ್ಮ ನೆರೆಯಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಕೃಷ್ಣೆಯ ಆಚೆಯ ದಡದಲ್ಲಿ, ಇಂದು ಕೊಲ್ಹಾಪುರ ಜಿಲ್ಲೆಗೆ ಸೇರಿದ ಖಿದ್ರಾಪುರದಲ್ಲಿ, 12ನೆಯ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಹಳಗನ್ನಡ ಶಾಸನಗಳುಳ್ಳ ಈ ಗುಡಿಯಲ್ಲಿ ಶಿವನೆದುರು ನಂದಿಯಿಲ್ಲ. ಆ ನಂದಿಯು ಈಚೆ ದಡದ ನಮ್ಮ ಚಿಕ್ಕೋಡಿ ಸೀಮೆಯ ಯಡೂರಿನಲ್ಲಿದೆಯೆಂದು ಜನ ಹೇಳುತ್ತಾರೆ. ಗುಡಿಯ ಮುಂದಣ ಸ್ವರ್ಗಮಂಟಪಕ್ಕೆ 48 ಕಂಬಗಳು. ಮೇಲೆ ನಡುವೆ ಚಾವಣಿಯಿಲ್ಲದೆ ದುಂಡಗೆ ಬಿಟ್ಟ ತೆರಪು. ಅದರ ಕೆಳಗೆ ನೆಲದಲ್ಲಿ ಅದಕ್ಕೆ ಸರಿಯಾದ ದುಂಡನೆಯ ಕಲ್ಲಿನ ಹಾಸು. ಕಾರ್ತಿಕ ಹುಣ್ಣಿಮೆಯ ಮಧ್ಯರಾತ್ರಿಯ ಸುಮಾರಿಗೆ ಚಂದ್ರನು ಆ ತೆರಪಿನ ಮೇಲೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಕಾರಣವೂ ಸ್ಪಷ್ಟ. ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ನೇರ ಎದುರಿನಲ್ಲಿರುತ್ತಾನೆ; ಕಾರ್ತಿಕದಲ್ಲಿ ಸೂರ್ಯನು ದಕ್ಷಿಣಕ್ಕೆ 16ರಿಂದ 21 ಅಂಶ ಇಳಿದಿರುವುದರಿಂದ ಚಂದ್ರನು ಉತ್ತರಕ್ಕೆ ಸುಮಾರಾಗಿ ಅಷ್ಟೇ ಏರಿರುತ್ತಾನೆ. ಖಿದ್ರಾಪುರದ ಅಕ್ಷಾಂಶ 16.7. ಚಂದ್ರನ ಹಾದಿ 5 ಅಂಶ ಓರೆಯಾಗಿರುವುದರಿಂದ ಕೆಲವು ವರ್ಷ ನೇರ ನೆತ್ತಿಗೆ, ಕೆಲವು ವರ್ಷ ಕೊಂಚ ಅತ್ತಿತ್ತ.

ಅಲ್ಲಿ ನೆರೆದವರೆಲ್ಲರೂ ಚಂದ್ರನು ಬಂದನು, ಬಂದನು ಎನ್ನುತ್ತಾರೆ. ಕ್ಷಣಕ್ಷಣಕ್ಕೂ ಬರುತ್ತಿರುವುದು ಗುಡಿ. 48 ಕಂಬಗಳನ್ನೂ ಕಲ್ಲಾನೆಗಳನ್ನೂ ನೆರೆದ ಜನರನ್ನೂ ಹೊತ್ತುಕೊಂಡು ಆ ಗುಡಿಯು ಸೆಕೆಂಡಿಗೆ ಸುಮಾರು 445 ಮೀಟರಿನ ವೇಗದಿಂದ ಪೂರ್ವಕ್ಕೆ ಸಾಗಿ ಚಂದ್ರನ ಕೆಳಗೆ ಹಾಯ್ದುಹೋಗುತ್ತದೆ. ಚಂದ್ರನೂ ತನ್ನ ಹಾದಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರಿನಂತೆ ಪೂರ್ವಕ್ಕೇ ಹೋಗುತ್ತಿದ್ದಾನೆ. ಇಬ್ಬರೂ ಪೂರ್ವಕ್ಕೆ, ಕಾಣುವುದು ಪಶ್ಚಿಮದ ನಡೆ. ಸ್ಥಾವರವೆಂದು ನಾವು ಕರೆದದ್ದು ಜಂಗಮವಾಗಿದೆ.

ಇಲ್ಲಿ ಒಂದು ಎಚ್ಚರ ಅವಶ್ಯ. ಬಸವಣ್ಣನವರು ಸ್ಥಾವರ-ಜಂಗಮಗಳ ಭೇದವನ್ನು ಹೇಳುವಾಗ ಭೂಭ್ರಮಣವನ್ನೇ ಸೂಚಿಸಿದ್ದಾರೆಂದು ಕೆಲವು ಉತ್ಸಾಹಿಗಳು ಭಾಷಣ ಮಾಡುತ್ತಾರೆ. ಅದು ಸಲ್ಲದು. ಬಸವಣ್ಣನವರ ಕಾಲದಲ್ಲಿಯೇ, 1150ರಲ್ಲಿ, ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಅವನ ಊರು ನಮ್ಮ ವಿಜಯಪುರವೆಂದು ಕೆಲವರು, ಖಾನದೇಶದ್ದೆಂದು ಕೆಲವರು. ಭೂಮಿಗೆ ಆಧಾರ ಬೇಕೆಂದರೆ ಆ ಆಧಾರಕ್ಕೆ ಆಧಾರವಾವುದೆಂದು ಕೇಳಿ, ಆನೆ-ಆಮೆಗಳನ್ನೆಲ್ಲ ನಿವಾರಿಸಿ, ಭೂಮಿಯು ತನ್ನ ಶಕ್ತಿಯಿಂದಲೇ ಆಕಾಶದಲ್ಲಿ ನಿಂತಿದೆಯೆಂದು ಸಾಧಿಸಿದ ಮಹಾಮೇಧಾವಿಯವನು. ಆದರೂ ನಿಂತಿದೆಯೆಂದೇ ಹೇಳಿದನು. ಆ ಕಾಲದ ಶ್ರೇಷ್ಠ ಗಣಿತಜ್ಞನು ಕಾಣದಿದ್ದುದನ್ನು ಶರಣರ ಬಾಯಲ್ಲಿ ತುರುಕುವುದು ಶರಣರಿಗೆ ಗೌರವವಲ್ಲ. ಸುಳ್ಳು ಸಾಕ್ಷಿಯಿಂದ ಗೆದ್ದ ವ್ಯಾಜ್ಯ ಅವರಿಗೆ ಬೇಕಿಲ್ಲ. ಅವರು ಹೇಳಿದ್ದು ಕಲ್ಲು ಚಲಿಸುವುದೋ ಇಲ್ಲವೋ ಎಂಬುದನ್ನಲ್ಲ. ತಾನು ನೆಲೆನಿಂತೆನೆಂಬ ಭಾವವನ್ನು ಕುರಿತು. ಗಣಿತವು ಬೇರೆ ದಾರಿಯಿಂದ ಬಂದು ಅದೇ ಭಾವವನ್ನು ತಟ್ಟಿತೆಂಬುದಷ್ಟೇ ನಾವು ಹೇಳಬಹುದಾದುದು. ಅದು ಕಡಮೆಯೇನೂ ಅಲ್ಲ.

ಉಪಾಧಿ ಬದಲಾದರೆ ತೋರಿಕೆ ಹೇಗೆ ಬದಲಾಗುತ್ತದೆಂಬುದನ್ನು ತಿಳಿಯಲು ಈಗ ಕಲ್ಪನೆಯೂ ಬೇಕಿಲ್ಲ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3ರ ವಿಕ್ರಮವು ಚಂದ್ರನ ದಕ್ಷಿಣಧ್ರುವದ ಕಡೆಯಲ್ಲಿ ಇಳಿಯಿತು. ಆ ಸ್ಥಳಕ್ಕೆ ಶಿವಶಕ್ತಿಯೆಂದು ಹೆಸರಿಟ್ಟಿದ್ದಾರೆ. ಚಂದ್ರನು ಸದಾ ಒಂದೇ ಮುಖವನ್ನು ಭೂಮಿಗೆ ತೋರುವುದರಿಂದ, ಅಲ್ಲಿ ನಿಂತವನಿಗೆ ಭೂಮಿಯು ಉತ್ತರದ ಆಕಾಶದಲ್ಲಿ ತಗ್ಗಿನಲ್ಲಿ, ಕೊಂಚ ಅತ್ತಿತ್ತ ತೂಗುವುದನ್ನು ಬಿಟ್ಟರೆ, ಒಂದೇ ಎಡೆಯಲ್ಲಿ ನಿಂತಿರುತ್ತದೆ. ನಿಂತಲ್ಲಿಯೇ ತಿರುಗುತ್ತ, ತಿಂಗಳಿಗೊಮ್ಮೆ ಬೆಳೆದು ಕ್ಷಯಿಸುತ್ತದೆ. ಸೂರ್ಯನು ಮೂಡಿ ಮುಳುಗಲು ನಮ್ಮ ಲೆಕ್ಕದ ಹದಿನಾಲ್ಕು ದಿನಗಳ ಮೇಲಾಗುತ್ತದೆ. ಆ ಊರಿನಲ್ಲಿ ಒಂದು ಭಾಷೆ ಹುಟ್ಟಿದರೆ ಅದರಲ್ಲಿ ಹೊತ್ತು ಮೂಡಿತೆಂಬ ಮಾತು ಇದ್ದೇ ಇರುತ್ತದೆ. ಭೂಮಿ ಮೂಡಿತೆಂಬ ಮಾತು ಮಾತ್ರ ಇರಲಾರದು.